ಔಟೋ, ನಾಟೌಟೋ? ಅಭಿಮಾನಿಗಳ ಜಗಳಕ್ಕೂ ಒಂದು ಇತಿಹಾಸವಿದೆ

2025ರ ಜನವರಿ. ಸಂಕ್ರಾಂತಿ ಮುಗಿದಿತ್ತು, ರಥಸಪ್ತಮಿ ಇನ್ನೂ ಬಂದಿರಲಿಲ್ಲ. ನಾಸಿಕದಲ್ಲಿ ಅರಿಶಿನ-ಕುಂಕುಮದ ದಿನಗಳು. ಅದೇ ವಾರ ನಮ್ಮೂರ ಗೋಲ್ಫ್ ಕ್ಲಬ್ ಮೈದಾನದಲ್ಲಿ, ಅಂದರೆ ಹುತಾತ್ಮ ಅನಂತ ಕಾನ್ಹೇರೆ ಮೈದಾನದಲ್ಲಿ, ಮಹಾರಾಷ್ಟ್ರ ಮತ್ತು ಬರೋಡಾ ನಡುವೆ ರಣಜಿ ಪಂದ್ಯ ಇತ್ತು. ಹಾಗಾಗಿ ಗೆಳತಿಯೊಬ್ಬರ ಮನೆಗೆ ಎಳ್ಳು-ಬೆಲ್ಲಕ್ಕೆ ಹೋದಾಗ ಮಾತು ಸೀರೆ, ಬಾಗಿನ ದಾಟಿ ಕ್ರಿಕೆಟ್ಟಿಗೆ ಬಂತು. ಆ ಪಂದ್ಯದಲ್ಲಿ ಛತ್ರಪತಿ ಸಂಭಾಜಿನಗರದ ಅಂಕಿತ್ ಬಾವ್ನೆ ಆಡುತ್ತಿರಲಿಲ್ಲ. ಗಾಯವಾಗಿರಲಿಲ್ಲ, ಫಾರ್ಮ್ ಕೆಟ್ಟಿರಲಿಲ್ಲ. ಅವರಿಗೆ ಒಂದು ಪಂದ್ಯದ ನಿಷೇಧವಾಗಿತ್ತು.

ಕಾರಣ 2024ರ ನವೆಂಬರಿನದು. ಪುಣೆ ಹತ್ತಿರದ ಗಹುಂಜೆಯಲ್ಲಿ ಸರ್ವಿಸಸ್ ವಿರುದ್ಧದ ಪಂದ್ಯದಲ್ಲಿ ಬಾವ್ನೆ ಸ್ಲಿಪ್‌ನಲ್ಲಿ ಕ್ಯಾಚಿತ್ತು ಔಟ್ ಎಂದು ತೀರ್ಪಾಯಿತು. ಚೆಂಡು ಫೀಲ್ಡರ್ ಕೈ ಸೇರುವ ಮೊದಲೇ ನೆಲಕ್ಕೆ ಪುಟಿದಂತೆ ವಿಡಿಯೊದಲ್ಲಿ ಕಾಣುತ್ತಿತ್ತು. ಆದರೆ ಆ ಪಂದ್ಯಕ್ಕೆ ಡಿಆರ್‌ಎಸ್ ಇರಲಿಲ್ಲ. ಬಾವ್ನೆ ಕ್ರೀಸ್ ಬಿಟ್ಟು ಹೋಗಲು ಒಪ್ಪಲಿಲ್ಲ, ಆಟ ನಿಂತಿತು. ಆಗ ಭಾರತ ‘ಎ’ ತಂಡದ ಜೊತೆ ಆಸ್ಟ್ರೇಲಿಯಾದಲ್ಲಿದ್ದ ಋತುರಾಜ್ ಗಾಯಕ್ವಾಡ್ ಕೂಡ ಆ ವಿಡಿಯೊ ಹಂಚಿಕೊಂಡು ಬೇಸರ ತೋಡಿಕೊಂಡರು. ಕೊನೆಗೆ ತೀರ್ಪು ಹಾಗೇ ಉಳಿಯಿತು, ಅದನ್ನು ಒಪ್ಪದೆ ನಿಂತದ್ದಕ್ಕೆ ಶಿಕ್ಷೆಯೂ ಬಂತು.

ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಶುರುಮಾಡಿದಳು: “ಆಂಟಿ, ವಿಡಿಯೊದಲ್ಲಿ ಕಣ್ಣಿಗೇ ಕಾಣ್ತಾ ಇದೆ. ತಪ್ಪು ಮಾಡಿದವರಿಗೆ ಏನೂ ಇಲ್ಲ, ತಪ್ಪು ಅಂತ ಹೇಳಿದವನಿಗೆ ಶಿಕ್ಷೆನಾ?” ಧಾರವಾಡದ ಕಡೆಯ ಹಿರಿಯರೊಬ್ಬರು ಒಪ್ಪಲಿಲ್ಲ: “ಅಂಪೈರ್ ಬೆರಳ ಎತ್ತಿದ ಮ್ಯಾಲೆ ಮುಗೀತವಾ. ಹನ್ನೊಂದು ಮಂದಿನೂ ಹಿಂಗ ನಿಂತರ ಆಟ ಆಡೋದು ಯಾವಾಗ?” ನಡುವೆ ಮೂರನೆಯವರು ನಕ್ಕು ಕೇಳಿದರು: “ಅಲ್ಲ, ನಾವು ಕರ್ನಾಟಕದವರು. ಮಹಾರಾಷ್ಟ್ರದ ಆಟಗಾರನಿಗೆ ನಾವ್ಯಾಕೆ ಇಷ್ಟು ಕೂಗಾಡಬೇಕು?”

ಚಹಾ ಬಂತು, ಮಾತು ನಿಂತಿತು. ಆದರೆ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ನಾವು ಯಾರ ಪರ, ತೀರ್ಪು ತಪ್ಪಾದಾಗ ಏನು ಮಾಡಬೇಕು, ಈ ಬಗ್ಗೆ ಮಾತಾಡುವ ಹಕ್ಕು ಯಾರಿಗಿದೆ: ಆ ಸಂಜೆಯ ಈ ಮೂರು ಪ್ರಶ್ನೆಗಳಿಗೂ ಉತ್ತರ ಹಳೆಯ ಕಾಲದಲ್ಲಿ ಸಿಗುತ್ತದೆ.

ಯಾರ ತಂಡ?

ಮೊದಲು ಮೂರನೆಯವರ ಪ್ರಶ್ನೆ. ವಿಶ್ವವಿದ್ಯಾಲಯಗಳ ನಡುವಿನ ಕ್ರಿಕೆಟ್ಟಿಗಾಗಿ ರೋಹಿಂಟನ್ ಬಾರಿಯಾ ಟ್ರೋಫಿ ಆರಂಭವಾದದ್ದು 1935-36ರಲ್ಲಿ. ಆಗ ನಾಸಿಕದಲ್ಲಿ 1924ರಲ್ಲಿ ಶುರುವಾದ ಎಚ್‌ಪಿಟಿ ಕಾಲೇಜಿತ್ತು, ಧಾರವಾಡದಲ್ಲಿ 1917ರ ಕರ್ನಾಟಕ ಕಾಲೇಜಿತ್ತು. ಎರಡೂ ಬಾಂಬೆ ಪ್ರಾಂತ್ಯದಲ್ಲಿದ್ದವು, ಎರಡೂ ಬಾಂಬೆ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅಂದರೆ ಗೋದಾವರಿ ದಂಡೆಯ ಮರಾಠಿ ಹುಡುಗನಿಗೂ ಧಾರವಾಡದ ಕನ್ನಡ ಹುಡುಗನಿಗೂ ‘ನಮ್ಮ ಯೂನಿವರ್ಸಿಟಿ ತಂಡ’ ಒಂದೇ ಆಗಿತ್ತು. 1949ರಲ್ಲಿ ಪುಣೆ ವಿಶ್ವವಿದ್ಯಾಲಯ ಮತ್ತು ಕರ್ನಾಟಕ ವಿಶ್ವವಿದ್ಯಾಲಯ ಎರಡೂ ಹುಟ್ಟಿದವು. ನಾಸಿಕ ಪುಣೆಯ ಪಾಲಾಯಿತು, ಧಾರವಾಡ ತನ್ನದೇ ವಿಶ್ವವಿದ್ಯಾಲಯ ಪಡೆಯಿತು. ಒಂದೇ ತಂಡಕ್ಕೆ ಚಪ್ಪಾಳೆ ಹೊಡೆಯಬಹುದಾಗಿದ್ದವರು ಎದುರಾಳಿಗಳಾದರು.

ಸಂಭಾಜಿನಗರದ ಕಥೆಯೂ ಹಾಗೆಯೇ, ಆದರೆ ಬೇರೆ ಸಂಸ್ಥಾನದ್ದು. ಆಗಿನ ಔರಂಗಾಬಾದ್ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಕಲಬುರಗಿ, ರಾಯಚೂರು, ಬೀದರ್ ಕೂಡ ಅಲ್ಲೇ ಇದ್ದವು. ಔರಂಗಾಬಾದಿನ ಇಂಟರ್‌ಮೀಡಿಯೆಟ್ ಕಾಲೇಜು, ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜು ಎರಡೂ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಕ್ಕಳು. ಮರಾಠವಾಡಾ ವಿಶ್ವವಿದ್ಯಾಲಯ ಬಂದದ್ದು 1958ರ ಆಗಸ್ಟಿನಲ್ಲಿ, ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ.

ಇದನ್ನು ನೋಡಿದಾಗ ನನಗೆ ಅನಿಸುವುದು ಇಷ್ಟು. ತಂಡದ ಮೇಲಿನ ಅಭಿಮಾನ ರಕ್ತದಲ್ಲಿ ಬಂದದ್ದು ಎಂದು ನಾವು ಅಂದುಕೊಳ್ಳುತ್ತೇವೆ. ಅದರಲ್ಲಿ ಅರ್ಧ ಪಾಲು ಯಾವನೋ ಅಧಿಕಾರಿ ನಕ್ಷೆಯ ಮೇಲೆ ಎಳೆದ ಗೆರೆಯದ್ದು. ಹಾಗೆಂದು ಅಭಿಮಾನ ಸುಳ್ಳಲ್ಲ. ಆದರೆ ಗೆರೆ ಬದಲಾದಾಗ ಅಭಿಮಾನ ಬದಲಾಗುತ್ತದೆ ಎಂದಮೇಲೆ, ನ್ಯಾಯ-ಅನ್ಯಾಯದ ಅಳತೆಗೋಲು ಅದಾಗಬಾರದು. ಬಾವ್ನೆ ನಮ್ಮವನೇ ಅಲ್ಲವೇ ಎಂಬುದು ಒಂದು ಪ್ರಶ್ನೆ, ಚೆಂಡು ನೆಲಕ್ಕೆ ತಾಗಿತೇ ಎಂಬುದು ಬೇರೆಯೇ ಪ್ರಶ್ನೆ.

ಮುಂಬೈ ಎಂಬ ಗೋಡೆ

ನಮ್ಮ ಮನೆಗಳಲ್ಲಿ ಹಿರಿಯರ ಕ್ರಿಕೆಟ್ ಮಾತೆಲ್ಲ ಕೊನೆಗೆ ಮುಟ್ಟುವುದು ಬಾಂಬೆ-ಕರ್ನಾಟಕ ಜಿದ್ದಿಗೆ. 1958-59ರಿಂದ 1972-73ರವರೆಗೆ ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿ ಬಾಂಬೆಯದೇ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವಾಯಿತು. ಅದೇ ಋತುವಿನ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ, ಆ ಗೋಡೆ ಬಿತ್ತು. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು, ಪ್ರಸನ್ನ ನಾಯಕತ್ವದ ತಂಡ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಫೈನಲ್‌ಗೆ ಹೋಯಿತು, ಟ್ರೋಫಿಯನ್ನೂ ಗೆದ್ದಿತು.

ಈ ಪ್ರಸನ್ನ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್‌ನಲ್ಲಿ ಓದಿದವರು. 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದ ಹುಡುಗ ಎಂಜಿನಿಯರಿಂಗ್ ಮುಗಿಸುವುದಕ್ಕಾಗಿ ಟೆಸ್ಟ್ ಕ್ರಿಕೆಟ್ಟನ್ನು ಬದಿಗಿಟ್ಟು, ಮತ್ತೆ ತಂಡಕ್ಕೆ ಮರಳಿದ್ದು 1967ರಲ್ಲಿ. ಇಂದಿನ ಅಪ್ಪ-ಅಮ್ಮಂದಿರಿಗೆ ಇದನ್ನು ಹೇಳಿದರೆ ಅರ್ಧ ಜನ ಭೇಷ್ ಅನ್ನುತ್ತಾರೆ, ಇನ್ನರ್ಧ ಜನ ತಲೆ ಚಚ್ಚಿಕೊಳ್ಳುತ್ತಾರೆ. ಅದೂ ಒಂದು ಚರ್ಚೆಯೇ!

1982ರ ಸೆಮಿಫೈನಲ್ ಇನ್ನೊಂದು ಜಗಳಕ್ಕೆ ದಾರಿಯಾಯಿತು. ಬೆಂಗಳೂರಿನಲ್ಲಿ ಕರ್ನಾಟಕದ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಬಾಂಬೆಯ ಬ್ಯಾಟಿಂಗನ್ನು ಪುಡಿಮಾಡಿದ್ದರು. ಎರಡನೇ ಇನಿಂಗ್ಸ್‌ನಲ್ಲಿ ಸೋಲು ತಪ್ಪಿಸಲು ನಿಂತ ಸುನಿಲ್ ಗಾವಸ್ಕರ್, ಭಟ್ ಬೌಲಿಂಗಿಗೆ ಬಂದಾಗಲೆಲ್ಲ ಎಡಗೈ ಆಟಗಾರನಂತೆ ತಿರುಗಿ ನಿಂತು ಆಡಿದರು. ಚೆಂಡು ಬ್ಯಾಟಿನಿಂದ ಹೊರಕ್ಕೆ ತಿರುಗುವ ಬದಲು ಒಳಕ್ಕೆ ಬರಲಿ ಎಂಬ ಲೆಕ್ಕ. 18 ರನ್ ಮಾಡಿ ಔಟಾಗದೆ ಉಳಿದರು, ಪಂದ್ಯ ಡ್ರಾ ಆಯಿತು, ಮುನ್ನಡೆಯ ಆಧಾರದಲ್ಲಿ ಕರ್ನಾಟಕ ಫೈನಲ್ ಸೇರಿತು. ಅದು ಎದುರಾಳಿಗೆ ಮಾಡಿದ ಅವಮಾನವೋ, ಬುದ್ಧಿವಂತಿಕೆಯೋ? ನನ್ನ ಮಾವನವರ ಮತ್ತು ಅವರ ಮರಾಠಿ ಗೆಳೆಯರ ನಡುವೆ ಈ ವಾದ ಇವತ್ತಿಗೂ ತೀರಿಲ್ಲ. ನನ್ನ ಮಟ್ಟಿಗೆ, ಟೆಸ್ಟ್ ಕ್ರಿಕೆಟ್ಟಿನ ಮಹಾನ್ ಆರಂಭಿಕ ಆಟಗಾರನೊಬ್ಬ ಒಬ್ಬ ಕನ್ನಡಿಗನ ಎದುರು ಕೈಯನ್ನೇ ಬದಲಿಸಬೇಕಾಯಿತು ಎಂದರೆ ಅದಕ್ಕಿಂತ ದೊಡ್ಡ ಮರ್ಯಾದೆ ಆ ಬೌಲರ್‌ಗೆ ಬೇರೆ ಬೇಕಿಲ್ಲ.

ನನ್ನ ಕಾಲದ ನೆನಪು 2010ರ ಜನವರಿಯದು. ಮುಂಬೈ ವಿರುದ್ಧ ರಣಜಿ ಫೈನಲ್ ನಡೆದದ್ದು ಮೈಸೂರು ವಿಶ್ವವಿದ್ಯಾಲಯದ ಅಂಗಳದಲ್ಲೇ, ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ. ಮೊದಲ ಇನಿಂಗ್ಸ್‌ನಲ್ಲಿ ಬರೀ 130ಕ್ಕೆ ಉರುಳಿದ್ದ ಕರ್ನಾಟಕಕ್ಕೆ ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಮೈದಾನ ತುಂಬಿ, ಮರದ ಮೇಲೆಲ್ಲ ಜನ ಹತ್ತಿ ಕೂತಿದ್ದರು. ಕೊನೆಗೆ ಆರೇ ಆರು ರನ್ನಿನಿಂದ ಸೋಲು. ಅಂದು ನಾನು ಬೇರೆ ಊರಿನ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದೆ. ಕ್ಯಾಂಟೀನಿನಲ್ಲಿ ಹುಡುಗರ ಗುಂಪು ಸೋಲಿನ ಲೆಕ್ಕ ಹಾಕುತ್ತಿತ್ತು. “ಎರಡನೇ ದಿನವೇ ಸೋತಿದ್ದು, 130 ಒಂದು ಸ್ಕೋರಾ?” ಎಂದು ನಾನು ಬಾಯಿ ಹಾಕಿದೆ. “ನಿಂಗೆ ಎಲ್‌ಬಿಡಬ್ಲ್ಯು ಅಂದ್ರೆ ಗೊತ್ತಾ?” ಎಂದು ಒಬ್ಬ ಕೇಳಿದ, ಉಳಿದವರು ನಕ್ಕರು. ನನಗೆ ಗೊತ್ತಿತ್ತು. ಆದರೆ ಅಂದು ಹೇಳದೆ ತಟ್ಟೆ ಎತ್ತಿಕೊಂಡು ಹೊರಟೆ. ಪಂದ್ಯ ಸೋತದ್ದಕ್ಕಿಂತ ಹೆಚ್ಚು ದಿನ ನನ್ನ ಮನಸ್ಸಿನಲ್ಲಿ ಉಳಿದದ್ದು ಹಾಗೆ ಸುಮ್ಮನೆ ಹೊರಟುಬಂದದ್ದು.

ಔಟಾದವನನ್ನು ವಾಪಸ್ ಕರೆದ ನಾಯಕ

ಈಗ ತೀರ್ಪಿನ ವಿಷಯ. ಕ್ರಿಕೆಟ್ಟಿನ ನಿಯಮದಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಂಶವಿದೆ. ಫೀಲ್ಡಿಂಗ್ ತಂಡ ‘ಹೌಝಾಟ್’ ಎಂದು ಕೇಳದ ಹೊರತು ಅಂಪೈರ್ ತಾವಾಗಿಯೇ ಯಾರನ್ನೂ ಔಟ್ ಎಂದು ಹೇಳುವಂತಿಲ್ಲ. ಅಂದರೆ ಈ ಆಟದಲ್ಲಿ ತೀರ್ಪು ಹುಟ್ಟುವುದೇ ಪ್ರಶ್ನೆಯಿಂದ. ಇನ್ನೊಂದು ಅಂಶ: ಅಂಪೈರ್ ಒಪ್ಪಿದರೆ, ಫೀಲ್ಡಿಂಗ್ ತಂಡದ ನಾಯಕ ಆ ಪ್ರಶ್ನೆಯನ್ನು ಹಿಂದಕ್ಕೆ ಪಡೆಯಬಹುದು.

ಈ ಅವಕಾಶವನ್ನು ಬಳಸಿದವರಲ್ಲಿ ಎಲ್ಲರಿಗೂ ಮೊದಲು ನೆನಪಾಗುವ ಹೆಸರು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರದು. 1980ರ ಫೆಬ್ರವರಿ, ಬಾಂಬೆಯ ವಾಂಖೆಡೆ. ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ಎದುರಾಳಿ ಇಂಗ್ಲೆಂಡ್, ನಾಯಕ ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ತತ್ತರಿಸಿತ್ತು. ಅಷ್ಟರಲ್ಲಿ ಕಪಿಲ್ ದೇವ್ ಎಸೆತದಲ್ಲಿ ವಿಕೆಟ್ ಕೀಪರ್ ಹಿಡಿದ ಕ್ಯಾಚಿಗೆ ಬಾಬ್ ಟೇಲರ್ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಟೇಲರ್ ಹೊರಡಲಿಲ್ಲ, ಬ್ಯಾಟಿಗೆ ತಾಗಿಲ್ಲ ಎಂಬಂತೆ ನಿಂತರು. ಮೊದಲ ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೂ ತಾಗಿಲ್ಲ ಎಂದೇ ಅನಿಸಿತ್ತು. ಅವರು ಅಂಪೈರ್ ಬಳಿ ಹೋಗಿ ಅಪೀಲ್ ಹಿಂಪಡೆದರು. ಟೇಲರ್ ಉಳಿದರು, ಇಯಾನ್ ಬಾಥಮ್ ಜೊತೆ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು.

ಇದು ಸರಿಯಾದ ನಡೆಯೇ? ತಂಡದ ಪರವಾಗಿ ನಿಲ್ಲಬೇಕಾದ ನಾಯಕ ಎದುರಾಳಿಯ ಪರ ನಿಂತನೇ? ಬಾವ್ನೆ ಪ್ರಸಂಗದ ಪಕ್ಕದಲ್ಲಿ ಇಟ್ಟು ನೋಡಿ. ಇಬ್ಬರೂ ಬ್ಯಾಟರುಗಳು ಒಲ್ಲದ ಮನಸ್ಸಿನಿಂದ ಕ್ರೀಸಿನಲ್ಲೇ ನಿಂತರು. ಒಬ್ಬರ ಎದುರು ವಿಶ್ವನಾಥ್ ಇದ್ದರು, ಹಾಗಾಗಿ ಅದು ಕ್ರೀಡಾಸ್ಫೂರ್ತಿಯ ಕಥೆಯಾಯಿತು. ಇನ್ನೊಬ್ಬರಿಗೆ ಅಂಥ ದಾರಿ ತೆರೆಯಲಿಲ್ಲ, ಹಾಗಾಗಿ ಅದು ಶಿಸ್ತು ಉಲ್ಲಂಘನೆಯ ಕಥೆಯಾಯಿತು. ಧಾರವಾಡದ ಆ ಹಿರಿಯರ ಮಾತು ಸುಳ್ಳಲ್ಲ. ಎಲ್ಲರೂ ನಿಂತರೆ ಆಟ ನಡೆಯುವುದಿಲ್ಲ. ಆ ಹುಡುಗಿಯ ಮಾತೂ ಸುಳ್ಳಲ್ಲ. ತಪ್ಪನ್ನು ತಿದ್ದುವ ದಾರಿಯೇ ಇಲ್ಲದ ಕಡೆ ಶಿಸ್ತು ಮಾತ್ರ ಕೇಳುವುದು ಅರ್ಧ ನ್ಯಾಯ. ಒಬ್ಬ ನಾಯಕನ ದೊಡ್ಡತನದ ಮೇಲೆ ನ್ಯಾಯ ನಿಂತಿರಬಾರದು, ವ್ಯವಸ್ಥೆಯಲ್ಲೇ ಅದಕ್ಕೆ ಜಾಗ ಇರಬೇಕು.

ಜಗಳ ನಿಯಮವಾದ ಬಗೆ

ಅಂಥ ಜಾಗ ಹುಟ್ಟಿದ್ದು ನಮ್ಮಂಥ ಅಭಿಮಾನಿಗಳ ಗೊಣಗಾಟದಿಂದಲೇ. ಒಂದು ಕಾಲಕ್ಕೆ ಟೆಸ್ಟಿನ ಇಬ್ಬರೂ ಅಂಪೈರುಗಳು ಆತಿಥೇಯ ದೇಶದವರೇ. ಹೋದ ಕಡೆಯೆಲ್ಲ “ಅವರ ಅಂಪೈರ್ ಸೋಲಿಸಿದ” ಎಂಬ ದೂರು. 1986ರಲ್ಲಿ ಲಾಹೋರ್‌ನಲ್ಲಿ ಪಾಕಿಸ್ತಾನ-ವೆಸ್ಟ್ ಇಂಡೀಸ್ ಟೆಸ್ಟಿಗೆ ಅಂಪೈರಿಂಗ್ ಮಾಡಲು ಭಾರತದಿಂದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅವರನ್ನು ಕರೆಸಲಾಯಿತು. ಭಾರತದ ಅಂಪೈರುಗಳು, ಪಾಕಿಸ್ತಾನದ ನೆಲ! ತಟಸ್ಥ ಅಂಪೈರುಗಳ ಪದ್ಧತಿಗೆ ಅದು ದಾರಿ ತೋರಿಸಿತು. 1992ರಲ್ಲಿ ಡರ್ಬನ್‌ನಲ್ಲಿ ಟಿವಿ ನೋಡಿ ತೀರ್ಪು ಕೊಡುವ ಮೂರನೇ ಅಂಪೈರ್ ಬಂದರು. ಆ ತೀರ್ಪಿಗೆ ಮೊದಲು ಔಟಾದವರು ನಮ್ಮ ಸಚಿನ್.

ಆದರೂ ಅನುಮಾನ ಸಾಯಲಿಲ್ಲ. 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತರು, 74 ರನ್ ಕೊಟ್ಟು. ಅವರು ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಹುಡುಗ. ಇನ್ನೊಂದು ತುದಿಯಿಂದ ಬೌಲಿಂಗ್ ಮಾಡುತ್ತಿದ್ದವರು ಮೈಸೂರಿನ ಎಸ್‌ಜೆಸಿಇ ಕಾಲೇಜಿನ ಜಾವಗಲ್ ಶ್ರೀನಾಥ್. ಹತ್ತನೆಯ ವಿಕೆಟ್ ಕುಂಬ್ಳೆಗೇ ಸಿಗಲಿ ಎಂದು ಶ್ರೀನಾಥ್ ಸ್ಟಂಪಿನಿಂದ ದೂರ ದೂರ ಚೆಂಡು ಹಾಕಿದರು. ತನಗೆ ಸಿಗಬಹುದಾದ ವಿಕೆಟ್ಟನ್ನು ಬೇಡವೆಂದ ಆ ಗೆಳೆತನವನ್ನು ನಾವು ಕೊಂಡಾಡಿದೆವು. ಆಟದ ದೃಷ್ಟಿಯಿಂದ ಅದು ಸರಿಯೇ ಎಂದು ಕೇಳಿದವರೂ ಇದ್ದರು. ಇನ್ನೊಂದು ವಿಷಯ: ಕುಂಬ್ಳೆ ತುದಿಯಲ್ಲಿ ನಿಂತಿದ್ದ ಅಂಪೈರ್ ಎ.ವಿ. ಜಯಪ್ರಕಾಶ್ ಕೂಡ ಕರ್ನಾಟಕದವರು. ಆಗಿನ ನಿಯಮದ ಪ್ರಕಾರ ಒಬ್ಬ ಅಂಪೈರ್ ಆತಿಥೇಯರು, ಇನ್ನೊಬ್ಬರು ಹೊರಗಿನವರು, ಅದು ಸ್ಟೀವ್ ಬಕ್ನರ್. ನಮಗೆ ಅದು ಕನ್ನಡಿಗರ ಹಬ್ಬ. ಆದರೆ ಒಂದು ಕ್ಷಣ ಕರಾಚಿಯ ಕಾಲೇಜು ಹುಡುಗಿಯ ಜಾಗದಲ್ಲಿ ಕೂತು ಯೋಚಿಸಿದರೆ? ಬೌಲರೂ ಅಂಪೈರೂ ಒಂದೇ ಊರಿನವರು ಎಂದು ನಾವೇ ಗೊಣಗುತ್ತಿರಲಿಲ್ಲವೇ? ತೀರ್ಪು ಸರಿಯಿದ್ದರೆ ಸಾಲದು, ಸರಿಯಾಗಿದೆ ಎಂದು ಸೋತವರಿಗೂ ಕಾಣಬೇಕು. 2002ರಿಂದ ಟೆಸ್ಟಿನ ಇಬ್ಬರೂ ಅಂಪೈರುಗಳು ತಟಸ್ಥ ದೇಶದವರಾಗಬೇಕು ಎಂದಾಯಿತು.

ನಂತರ ಡಿಆರ್‌ಎಸ್. 2008ರಲ್ಲಿ ಶ್ರೀಲಂಕಾದಲ್ಲಿ ಅದರ ಪ್ರಯೋಗ ನಡೆದಾಗ ಭಾರತದ ನಾಯಕ ಇದೇ ಕುಂಬ್ಳೆ. ಆ ಸರಣಿಯಲ್ಲಿ ನಮ್ಮ ಮನವಿಗಳು ಹೆಚ್ಚಿನವು ಕೈಕೊಟ್ಟವು, ಭಾರತ ವರ್ಷಗಟ್ಟಲೆ ಡಿಆರ್‌ಎಸ್ ಬೇಡವೆಂದಿತು. 2016ರಲ್ಲಿ ಕೊನೆಗೂ ಒಪ್ಪಿದಾಗ ತಂಡದ ಕೋಚ್ ಕೂಡ ಕುಂಬ್ಳೆಯೇ. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮಗೆ ಇದು ಹೊಸತಲ್ಲ. ಮೊದಲ ಆವೃತ್ತಿಯಲ್ಲಿ ದೋಷ ಕಂಡರೆ ಬಿಸಾಡುವುದಿಲ್ಲ, ತಿದ್ದುತ್ತೇವೆ. ಆದರೆ ದೋಷವಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಬೆರಳೆತ್ತುವವರು ಯಾರು?

ಉಳಿದದ್ದು ನನ್ನ ಹಾಸ್ಟೆಲಿನ ಪ್ರಶ್ನೆ. ಈ ಮಾತು ಆಡುವ ಹಕ್ಕು ಯಾರಿಗೆ?

ಭಾರತದ ಮಹಿಳಾ ಕ್ರಿಕೆಟ್ ಸಂಸ್ಥೆ ರೂಪುಗೊಂಡದ್ದು 1973ರಲ್ಲಿ. ಅದೇ ವರ್ಷ ಪುಣೆಯಲ್ಲಿ ನಡೆದ ಮೊದಲ ರಾಷ್ಟ್ರೀಯ ಪಂದ್ಯಾವಳಿಗೆ ಬಂದದ್ದು ಬಾಂಬೆ, ಮಹಾರಾಷ್ಟ್ರ, ಉತ್ತರ ಪ್ರದೇಶ, ಹೀಗೆ ಮೂರೇ ತಂಡ. ಮೂರು ವರ್ಷದ ನಂತರ, 1976ರ ಅಕ್ಟೋಬರ್ 31ರಂದು, ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಹೆಣ್ಣುಮಕ್ಕಳ ಮೊದಲ ಟೆಸ್ಟ್ ಶುರುವಾಯಿತು. ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಆ ಪಂದ್ಯದಲ್ಲಿ ಐದು ವಿಕೆಟ್ ಪಡೆದ ಲೆಗ್ ಸ್ಪಿನ್ನರ್ ಪುಣೆಯ ಶುಭಾಂಗಿ ಕುಲಕರ್ಣಿ. ಗಂಡಸರು ಬಾಂಬೆ-ಕರ್ನಾಟಕ ಎಂದು ಕಿತ್ತಾಡುತ್ತಿದ್ದ ದಶಕದಲ್ಲೇ ಕನ್ನಡದ ನಾಯಕಿ, ಮಹಾರಾಷ್ಟ್ರದ ಬೌಲರ್ ಒಂದೇ ತಂಡದಲ್ಲಿ ನಿಂತು ಹೊಸ ಇತಿಹಾಸ ಬರೆದರು. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಗೆಲುವೂ ಬಂತು. ಮುಂದೆ 2006ರಲ್ಲಿ ಮಹಿಳಾ ಸಂಸ್ಥೆ ಬಿಸಿಸಿಐ ಜೊತೆ ಸೇರುವಾಗ ಅದರ ಕಾರ್ಯದರ್ಶಿಯಾಗಿದ್ದವರು ಶುಭಾಂಗಿ. 2019ರಲ್ಲಿ ಬಿಸಿಸಿಐನ ಉನ್ನತ ಮಂಡಳಿಗೆ ಹೋದವರು ಶಾಂತಾ. ಆಡಿದವರು ನಿಯಮ ಮಾಡುವ ಮೇಜಿಗೂ ಬಂದರು.

ಅಂಪೈರ್ ಕೋಟು ಸಿಗಲು ಇನ್ನೂ ಹೊತ್ತು ಹಿಡಿಯಿತು. 2023ರ ಜನವರಿಯಲ್ಲಿ ಗಂಡಸರ ರಣಜಿ ಪಂದ್ಯಗಳಲ್ಲಿ ಮೊದಲ ಬಾರಿಗೆ ಹೆಣ್ಣುಮಕ್ಕಳು ಮೈದಾನದಲ್ಲಿ ಅಂಪೈರಾಗಿ ನಿಂತರು: ವೃಂದಾ ರಾಠಿ, ಜನನಿ ನಾರಾಯಣನ್, ಗಾಯತ್ರಿ ವೇಣುಗೋಪಾಲನ್. ನವಿ ಮುಂಬೈನ ವೃಂದಾ ಮುಂಬೈ ವಿಶ್ವವಿದ್ಯಾಲಯದ ತಂಡಕ್ಕೆ ಮಧ್ಯಮ ವೇಗದ ಬೌಲರ್ ಆಗಿ ಆಡಿ, ಸ್ಕೋರರ್ ಆಗಿ, ಅಲ್ಲಿಂದ ಅಂಪೈರ್ ಆದವರು. ಚೆನ್ನೈನ ಜನನಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವರು. ಎಲ್‌ಬಿಡಬ್ಲ್ಯು ಗೊತ್ತೇ ಎಂದು ಅವರನ್ನು ಯಾರಾದರೂ ಕೇಳಿದ್ದರೆ, ಉತ್ತರ ಈಗ ಅವರ ತೋರುಬೆರಳಿನಲ್ಲಿದೆ.

ನಮ್ಮ ಜಿಲ್ಲೆಯ ಸಿನ್ನರಿನ ಮಾಯಾ ಸೋನವಣೆ 2022ರಲ್ಲಿ ಪುಣೆಯ ಮಹಿಳಾ ಟಿ20 ಚಾಲೆಂಜ್‌ನಲ್ಲಿ ಬೌಲಿಂಗ್ ಮಾಡಿದಾಗಲೂ ದೊಡ್ಡ ಚರ್ಚೆಯಾಯಿತು. ದೇಹ ಬಾಗಿಸಿ, ಮುಖ ನೆಲಕ್ಕೆ ಹಾಕಿ ಚೆಂಡು ಬಿಡುವ ಶೈಲಿ ಅವಳದು. “ಇದೆಂಥ ಬೌಲಿಂಗ್?” ಎಂದು ನಕ್ಕವರು ಬಹಳ. ಆದರೆ ನಿಯಮ ಕೇಳುವುದು ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗುತ್ತದೆಯೇ ಎಂದು ಮಾತ್ರ. ತಲೆ ಎತ್ತ ನೋಡಬೇಕು ಎಂದು ಅದು ಹೇಳುವುದಿಲ್ಲ. ನೋಡಲು ಚೆಂದವಿಲ್ಲ ಎನ್ನುವುದು ಬೇರೆ, ನಿಯಮಬಾಹಿರ ಎನ್ನುವುದು ಬೇರೆ. ಹೆಣ್ಣುಮಕ್ಕಳ ವಿಷಯದಲ್ಲಿ ಮೈದಾನದ ಹೊರಗೂ ಈ ಎರಡನ್ನು ಕಲೆಸುವವರು ಕಡಿಮೆಯೇನಿಲ್ಲ.

ಆ ಸಂಜೆ ಮನೆಗೆ ಹೊರಡುವಾಗ ಧಾರವಾಡದ ಹಿರಿಯರು ಆ ಹುಡುಗಿಯ ಕೈಗೆ ಇನ್ನೊಂದು ಎಳ್ಳುಂಡೆ ಇಟ್ಟು, “ನೀ ಹೇಳಿದ್ದು ಖರೇ ಇರಬಹುದವಾ. ಆದ್ರ ಅಂವ ಹೊರಗ ಹೋಗಿ ಬರದ ಕೊಡಬೇಕಿತ್ತು ಅಂತ ನನ್ನ ಮಾತು” ಎಂದರು. ಹುಡುಗಿ ಎಳ್ಳುಂಡೆ ಬಾಯಿಗೆ ಹಾಕಿಕೊಂಡು, “ಬರೆದುಕೊಟ್ಟರೆ ಓದೋರು ಬೇಕಲ್ಲ ಅಜ್ಜಿ” ಎಂದಳು. ಇಬ್ಬರೂ ಸೋಲಲಿಲ್ಲ. ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತಾಡು ಎಂದು ನಾವು, ತಿಳಗುಳ ತಗೊಂಡು ಸಿಹಿಯಾಗಿ ಮಾತಾಡು ಎಂದು ಇಲ್ಲಿಯವರು ಹೇಳುತ್ತೇವೆ. ವಾದ ಮಾಡಬೇಡ ಎಂದು ಇಬ್ಬರೂ ಹೇಳಿಲ್ಲ.

ಹಾಗಾಗಿ ಸ್ನೇಹಿತೆಯರೇ, ಮುಂದಿನ ಬಾರಿ ಗೋಲ್ಫ್ ಕ್ಲಬ್ ಮೈದಾನದಲ್ಲಿ ಪಂದ್ಯ ಇದ್ದರೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗೋಣ. ಕರ್ನಾಟಕ ಬಂದರೆ ಕರ್ನಾಟಕಕ್ಕೆ ಕೂಗೋಣ, ಮಹಾರಾಷ್ಟ್ರ ಚೆನ್ನಾಗಿ ಆಡಿದರೆ ಅದಕ್ಕೂ ಚಪ್ಪಾಳೆ ಹೊಡೆಯೋಣ. ಅಂಪೈರ್ ತಪ್ಪಿದರೆ ತಪ್ಪಿದರು ಎನ್ನೋಣ, ಆ ತಪ್ಪು ನಮ್ಮ ತಂಡಕ್ಕೆ ಲಾಭವಾದಾಗಲೂ. ಪಕ್ಕದಲ್ಲಿ ಕೂತ ಯಾರಾದರೂ “ನಿಮಗೆ ಎಲ್‌ಬಿಡಬ್ಲ್ಯು ಗೊತ್ತಾ?” ಎಂದು ಕೇಳಿದರೆ, ಈ ಸಲ ನಾನು ಎದ್ದು ಹೋಗುವುದಿಲ್ಲ. ಕೂತು ವಿವರಿಸುತ್ತೇನೆ.